ವೆಬ್‌ಸೈಟ್ ಇದೆ, ಹುಡುಕಿದರೆ ಸಿಗುವುದಿಲ್ಲ! ಯಾಕೆ?

ನನ್ನದು ಚಿಂತಾಮಣಿ ತಾಲ್ಲೂಕಿನಲ್ಲಿ ಐದು ಎಕರೆ ಖುಷ್ಕಿ ಜಮೀನು. ಮಳೆ ನಂಬಿ ರಾಗಿ, ಅವರೆ, ಹುರುಳಿ. ಏಳೆಂಟು ವರ್ಷದಿಂದ ನವಣೆ, ಸಾಮೆಯನ್ನೂ ಹಾಕುತ್ತಿದ್ದೇನೆ. ಓದಿದ್ದು ಏಳನೇ ತರಗತಿ. ಇವನೇನು ವೆಬ್‌ಸೈಟ್ ವಿಷಯ ಬರೆಯೋದು ಅಂತ ನಗಬೇಡಿ. ನಾವು ಒಂಬತ್ತು ಜನ ರೈತರು ಕೈಯಿಂದ ದುಡ್ಡು ಹಾಕಿ ವೆಬ್‌ಸೈಟ್ ಮಾಡಿಸಿದೆವು. ಒಂದು ವರ್ಷ ಒಂದು ಆರ್ಡರೂ ಬರಲಿಲ್ಲ. ತಪ್ಪು ಎಲ್ಲಿದೆ ಅಂತ ಕೊನೆಗೆ ನಾವೇ ಹುಡುಕಿಕೊಂಡೆವು. ಈಗ ಬಹಳ ಕಡೆ ರೈತ ಗುಂಪುಗಳು ವೆಬ್‌ಸೈಟ್ ಮಾಡಿಸುತ್ತಿವೆ. ನಮ್ಮ ಹಾಗೆ ಏಟು ತಿನ್ನುವ ಮೊದಲು ಅವರು ಇದನ್ನು ಓದಲಿ.

2023ನೇ ಇಸವಿಯನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತ್ತು. ಎಲ್ಲಿ ನೋಡಿದರೂ ಸಿರಿಧಾನ್ಯದ್ದೇ ಮಾತು. ಆ ಹುರುಪಿನಲ್ಲಿ 24,000 ರೂಪಾಯಿ ಕೊಟ್ಟು ಸೈಟ್ ಮಾಡಿಸಿದ್ದು. ನೋಡೋಕೆ ಚೆನ್ನಾಗಿಯೇ ಇತ್ತು. ಹೊಲದ ಫೋಟೊ, ನಮ್ಮ ಒಂಬತ್ತೂ ಜನರ ಫೋಟೊ, ರೇಟು, ಫೋನ್ ನಂಬರು. ವಿಳಾಸ ಗೊತ್ತಿದ್ದವರು ಸೀದಾ ಹೋಗಿ ನೋಡಬಹುದು. ವಿಳಾಸ ಗೊತ್ತಿದ್ದವರು ಅಂದರೆ ಯಾರು? ನಾವು ಒಂಬತ್ತು ಜನ, ನಮ್ಮ ನೆಂಟರು!

ವರ್ಷ ತುಂಬುವಾಗ ಒಂದು ಫೋನ್ ಬಂತು. “ನಿಮ್ಮ ಸೈಟು ಗೂಗಲ್‌ನಲ್ಲಿ ಎಲ್ಲೂ ಕಾಣಿಸ್ತಿಲ್ಲ. ನಾವು ಮೊದಲನೇ ಪುಟಕ್ಕೆ ತಂದುಕೊಡ್ತೀವಿ, ಗ್ಯಾರಂಟಿ. ತಿಂಗಳಿಗೆ ಆರು ಸಾವಿರ. ಆರು ತಿಂಗಳದ್ದು ಮೊದಲೇ ಕಟ್ಟಬೇಕು.” 36,000 ಆಯಿತು. ಗುಂಪಿನ ಖಾತೆಯಲ್ಲಿದ್ದುದು 41,000. ಅದು ಹೊಟ್ಟು ತೆಗೆಯುವ ಮಿಷನ್ನಿಗೆ ಮುಂಗಡ ಕೊಡೋಕೆ ಕೂಡಿಟ್ಟ ದುಡ್ಡು. ಮೀಟಿಂಗ್‌ನಲ್ಲಿ ಐದು ಜನ ಕಟ್ಟೋಣ ಅಂದರು, ನಾಲ್ಕು ಜನ ಬೇಡ ಅಂದರು. ಒಂದು ವಾರ ಟೈಮ್ ಕೊಡಿ ಅಂತ ಕೇಳಿಕೊಂಡು ನಾನು ಬೆಂಗಳೂರಿಗೆ ಹೊರಟೆ.

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾಠ

ನನ್ನ ತಂಗಿಯ ಮಗ ಕಮರ್ಷಿಯಲ್ ಸ್ಟ್ರೀಟಿನ ಒಂದು ಬಟ್ಟೆ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಇದ್ದಾನೆ. ಬಟ್ಟೆ ಮಡಚುವ ಕೆಲಸದಿಂದ ಶುರು ಮಾಡಿದವನು, ಈಗ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವವನೂ ಅವನೇ. ಕೆ.ಆರ್. ಪುರದ ತೂಗುಸೇತುವೆ ಹತ್ತಿರ ಬಸ್ಸಿಳಿದು, ಮೆಟ್ರೊದಲ್ಲಿ ಎಂ.ಜಿ. ರೋಡಿಗೆ ಹೋಗಿ, ಅಲ್ಲಿಂದ ಕಾಮರಾಜ ರಸ್ತೆ ಹಿಡಿದು ನಡೆದೆ. ಬೆಳಿಗ್ಗೆ ಹತ್ತು ಗಂಟೆ. ಅರ್ಧಕ್ಕರ್ಧ ಅಂಗಡಿ ಇನ್ನೂ ಬಾಗಿಲು ತೆಗೆದಿರಲಿಲ್ಲ.

ನಾನು ಫೋನ್ ತೆಗೆದು ಸೈಟ್ ತೋರಿಸೋಕೆ ಹೋದೆ. “ಅದು ಆಮೇಲೆ ನೋಡೋಣ ಮಾವ. ಮೊದಲು ಈ ಅಂಗಡಿ ನೋಡಿ,” ಅಂದ. ಒಂದು ಅಂಗಡಿಯ ಶಟರ್ ಮುಕ್ಕಾಲು ಇಳಿಸಿತ್ತು, ಒಳಗೆ ದೀಪ ಉರಿಯುತ್ತಿತ್ತು, ಹುಡುಗರು ಮಾಲು ಜೋಡಿಸುತ್ತಿದ್ದರು. “ಒಳಗೆ ಲಕ್ಷಾಂತರ ರೂಪಾಯಿ ಮಾಲಿದೆ. ಗಿರಾಕಿ ಒಳಗೆ ಹೋಗ್ತಾನಾ?”

“ಹೋಗಲ್ಲ. ಅಂಗಡಿ ಮುಚ್ಚಿದೆ ಅಂದ್ಕೊಂಡು ಮುಂದಕ್ಕೆ ಹೋಗ್ತಾನೆ.”

“ನಿಮ್ಮ ಸೈಟೂ ಹಿಂಗೇ ಇರಬಹುದು. ಮೊದಲು ಅದನ್ನ ನೋಡಬೇಕು. ದುಡ್ಡು ಕಟ್ಟೋದು ಆಮೇಲಿನ ಮಾತು.”

ಗೂಗಲ್ ಹೇಗೆ ಕೆಲಸ ಮಾಡುತ್ತದೆ ಅಂತ ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮೂರು ಹೆಜ್ಜೆ. ಮೊದಲು ಗೂಗಲ್‌ಬಾಟ್ ಎಂಬ ತಂತ್ರಾಂಶ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಿಡಿದು ಹೋಗಿ ಪುಟಗಳನ್ನು ಓದುತ್ತದೆ. ಎರಡನೆಯದು, ಓದಿದ್ದನ್ನು ತನ್ನ ದಫ್ತರದಲ್ಲಿ ದಾಖಲು ಮಾಡಿಕೊಳ್ಳುತ್ತದೆ. ಮೂರನೆಯದು, ನಾವು ಹುಡುಕಿದಾಗ ಆ ದಫ್ತರ ತೆಗೆದು ತೋರಿಸುತ್ತದೆ. ನಾವು ಹುಡುಕುವ ಹೊತ್ತಿನಲ್ಲಿ ಅದು ಲೋಕವೆಲ್ಲ ತಿರುಗಿ ಬರುವುದಿಲ್ಲ. ದಾಖಲಾಗದ ಪುಟ ಎಷ್ಟು ಚೆಂದ ಇದ್ದರೂ ಅದರ ಲೆಕ್ಕಕ್ಕೆ ಇಲ್ಲ. ಹಾಗಾಗಿ ಹಿಂದೆ ಇದ್ದೇವೋ ಮುಂದೆ ಇದ್ದೇವೋ ಅಂತ ಕೇಳುವ ಮೊದಲು, ದಾಖಲಾಗಿದ್ದೇವಾ ಅಂತ ಕೇಳಬೇಕು.

ಇದನ್ನು ಯಾರು ಬೇಕಾದರೂ ನೋಡಬಹುದು. ಗೂಗಲ್ ಹುಡುಕುವ ಜಾಗದಲ್ಲಿ ‘ಸೈಟ್’ ಎಂಬುದನ್ನು ಇಂಗ್ಲಿಷಿನ ನಾಲ್ಕು ಅಕ್ಷರದಲ್ಲಿ ಬರೆದು, ಒಂದರ ಮೇಲೊಂದು ಎರಡು ಚುಕ್ಕಿ ಇಟ್ಟು, ಜಾಗ ಬಿಡದೆ ನಿಮ್ಮ ವೆಬ್‌ಸೈಟ್ ವಿಳಾಸ ಬರೆಯಿರಿ. ಗೂಗಲ್‌ಗೆ ಗೊತ್ತಿರುವ ನಿಮ್ಮ ಪುಟಗಳು ಬರುತ್ತವೆ. ನಮ್ಮದನ್ನು ಹಾಕಿದರೆ ಬಂದದ್ದು ಸೊನ್ನೆ.

ಅವರ ಅಂಗಡಿಯ ಗಲ್ಲಾ ಪಕ್ಕದ ಕಂಪ್ಯೂಟರಿನಲ್ಲಿ ಪುಟದ ಒಳಬರಹ ತೆಗೆದು ನೋಡಿದ. ಎರಡೇ ನಿಮಿಷ. ‘ನೋ ಇಂಡೆಕ್ಸ್’ ಅಂತ ಒಂದು ಪದ ಅಲ್ಲಿತ್ತು. ದಾಖಲು ಮಾಡಬೇಡ ಅಂತ ಅರ್ಥ. ನಮ್ಮ ಸೈಟು ವರ್ಡ್‌ಪ್ರೆಸ್ ಎಂಬುದರಲ್ಲಿ ಮಾಡಿದ್ದು. ಅದರ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅನ್ನುವ ಕಡೆ ಒಂದು ಚಿಕ್ಕ ಚೌಕ ಇರುತ್ತದೆ. ಅದಕ್ಕೆ ಗುರುತು ಹಾಕಿದರೆ ಸರ್ಚ್ ಎಂಜಿನ್‌ಗಳಿಗೆ ದೂರ ಇರಿ ಅಂದಂತೆ. ಸೈಟು ಇನ್ನೂ ಕಟ್ಟುತ್ತಿರುವಾಗ ಅರೆಬರೆ ಪುಟ ಯಾರಿಗೂ ಕಾಣಬಾರದು ಅಂತ ಆ ಗುರುತು ಹಾಕಿರುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಬೇಕು. ನಮಗೆ ಮಾಡಿಕೊಟ್ಟವರು ಮರೆತಿದ್ದರು.

ಹೊಲಕ್ಕೆ ಬೀಜ ಹಾಕಿ ಮೇಲೆ ಟಾರ್ಪಾಲು ಹೊದಿಸಿ, ಒಂದು ವರ್ಷ ಮೊಳಕೆ ಬರಲಿಲ್ಲ ಅಂತ ಆಕಾಶ ನೋಡಿದ ಹಾಗಾಯ್ತು ನಮ್ಮ ಕಥೆ.

ಪಹಣಿ ಯಾರ ಹೆಸರಲ್ಲಿದೆ?

ಗುರುತು ತೆಗೆಯೋದು ಒಂದು ನಿಮಿಷದ ಕೆಲಸ. ಆದರೆ ಅದಕ್ಕೆ ಪಾಸ್‌ವರ್ಡ್ ಬೇಕು. ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ! ವಿಚಾರಿಸಿದರೆ ಸೈಟಿನ ವಿಳಾಸವನ್ನೂ ಮಾಡಿಕೊಟ್ಟವರು ಅವರದೇ ಹೆಸರಿನಲ್ಲಿ ನೋಂದಾಯಿಸಿದ್ದರು. ಜಮೀನು ನಮ್ಮದು, ಪಹಣಿ ಇನ್ನೊಬ್ಬರದು. ಅವರು ಮೋಸಗಾರರೇನಲ್ಲ, ಎಲ್ಲರಿಗೂ ಹಾಗೇ ಮಾಡಿಕೊಡುತ್ತಾರಂತೆ. ಆದರೆ ವರ್ಷದ ನವೀಕರಣ ಅವರು ಮರೆತಿದ್ದರೆ ವಿಳಾಸ ಬೇರೆಯವರ ಪಾಲಾಗುತ್ತಿತ್ತು. ಚೀಲದ ಮೇಲೆಲ್ಲ ಅಚ್ಚು ಹಾಕಿಸಿದ್ದು ಆ ವಿಳಾಸವನ್ನೇ. ಮೂರು ವಾರ ಓಡಾಡಿ, ಫೋನ್ ಮಾಡಿ, ಕೊನೆಗೆ ಗುಂಪಿನ ಹೆಸರಿಗೆ, ಗುಂಪಿನ ಈ-ಮೇಲಿಗೆ ಮಾಡಿಸಿಕೊಂಡೆವು. ಈಗ ಪಾಸ್‌ವರ್ಡು, ನವೀಕರಣದ ತಾರೀಕು ಎರಡನ್ನೂ ನಡಾವಳಿ ಪುಸ್ತಕದ ಜೊತೆ ಬೀರುವಿನಲ್ಲಿ ಇಟ್ಟಿದ್ದೇವೆ. ಸೈಟ್ ಮಾಡಿಸುವವರು ದುಡ್ಡಿನ ಕೊನೆಯ ಕಂತು ಕೊಡುವ ಮೊದಲೇ ಇದನ್ನು ಕೇಳಿ ತೆಗೆದುಕೊಳ್ಳಿ.

ಕೀಲಿ ಕೈಗೆ ಬಂದ ಮೇಲೆ ಗುರುತು ತೆಗೆದೆವು. ಗೂಗಲ್‌ನವರದೇ ‘ಸರ್ಚ್ ಕನ್ಸೋಲ್’ ಅಂತ ಒಂದು ಇದೆ, ಬಿಟ್ಟಿ. ಸೈಟು ನಮ್ಮದೇ ಅಂತ ಅಲ್ಲಿ ರುಜುವಾತು ಮಾಡಿದರೆ ಯಾವ ಪುಟ ದಾಖಲಾಗಿದೆ, ಯಾವುದು ಆಗಿಲ್ಲ, ಯಾಕೆ ಆಗಿಲ್ಲ ಎಂದು ಅದೇ ಹೇಳುತ್ತದೆ. ಜನ ಯಾವ ಪದ ಹುಡುಕಿ ನಮ್ಮಲ್ಲಿಗೆ ಬಂದರು ಎಂಬುದನ್ನೂ ತೋರಿಸುತ್ತದೆ. ಮಣ್ಣು ಪರೀಕ್ಷೆ ವರದಿ ಇದ್ದಂತೆ ಇದು. ವರದಿ ನೋಡದೆ ಗೊಬ್ಬರ ಸುರಿಯುವವರಿಗೆ ಏನು ಹೇಳೋದು?

ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ

ಹತ್ತು ದಿನಕ್ಕೆ ಪುಟಗಳು ದಾಖಲಾದವು. ಖುಷಿಯಿಂದ ‘ಸಾಮೆ ಅಕ್ಕಿ ಚಿಂತಾಮಣಿ’ ಅಂತ ಕನ್ನಡದಲ್ಲಿ ಹುಡುಕಿದೆ. ಇಲ್ಲ! ನಮ್ಮ ಪುಟದಲ್ಲಿ ಆ ಮೂರೂ ಪದ ದಪ್ಪಕ್ಷರದಲ್ಲಿವೆ. ಆದರೂ ಇಲ್ಲ.

ಕನ್ನಡದವರು ಮುಖ್ಯವಾಗಿ ತಿಳಿಯಬೇಕಾದ ವಿಷಯ ಇದೇ. ನಮ್ಮ ಪುಟಕ್ಕೆ ಬೇಕಾದ ಬರಹವನ್ನು ಡಿ.ಟಿ.ಪಿ. ಅಂಗಡಿಯಲ್ಲಿ ಕರಪತ್ರಕ್ಕೆ ಅಂತ ಟೈಪ್ ಮಾಡಿಸಿದ್ದೆವು. ಅದನ್ನೇ ಸೈಟಿಗೆ ಹಾಕಿದ್ದರು. ಅಚ್ಚಿನ ಕೆಲಸದಲ್ಲಿ ಇವತ್ತಿಗೂ ಹಳೆಯ ಬಗೆಯ ಫಾಂಟು ಬಳಸುವವರು ಇದ್ದಾರೆ. ಅದರಲ್ಲಿ ಪರದೆ ಮೇಲೆ ‘ಸಾಮೆ’ ಅಂತ ಕಂಡರೂ ಕಂಪ್ಯೂಟರ್ ಒಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಫಾಂಟು ಎಂಬುದು ಅದರ ಮೇಲೆ ಹಾಕಿದ ವೇಷ. ಸೈಟು ಮಾಡಿದವರು ಆ ಫಾಂಟನ್ನೂ ಜೊತೆಗೆ ಸೇರಿಸಿದ್ದರಿಂದ ನಮ್ಮ ಕಣ್ಣಿಗೆ ಚೊಕ್ಕ ಕನ್ನಡವೇ ಕಾಣುತ್ತಿತ್ತು. ಗೂಗಲ್ ವೇಷ ನೋಡುವುದಿಲ್ಲ, ಒಳಗಿರುವ ಅಕ್ಷರವನ್ನು ಓದುತ್ತದೆ.

ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ನುಡಿ, ಬರಹ ತಂತ್ರಾಂಶಗಳಲ್ಲಿ ಹಳೆಯ ಬಗೆಯಲ್ಲೂ ಟೈಪ್ ಮಾಡಬಹುದು, ಯೂನಿಕೋಡಿನಲ್ಲೂ ಮಾಡಬಹುದು. ಯಾವುದರಲ್ಲಿ ಮಾಡಿದ್ದಾರೆ ಅಂತ ಕೇಳಬೇಕು. ಪರೀಕ್ಷೆ ಸುಲಭ. ನಿಮ್ಮ ಪುಟದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಸರಿ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಗೂಗಲ್‌ಗೂ ಹಾಗೇ ಕಾಣುತ್ತಿದೆ. ಕಾಪಿಯೇ ಆಗದಿದ್ದರೆ ಅದು ಅಕ್ಷರವಲ್ಲ, ಚಿತ್ರ ಇರಬಹುದು. ಕರಪತ್ರದ ಫೋಟೊ ಹಾಕಿ ಸುಮ್ಮನಾಗುವವರು ಬಹಳ. ಚಿತ್ರದೊಳಗಿನ ಅಕ್ಷರವನ್ನು ನೆಚ್ಚಿಕೊಳ್ಳಬೇಡಿ, ಅದನ್ನೇ ಕೆಳಗೆ ಅಕ್ಷರದಲ್ಲೂ ಬರೆಯಿರಿ.

ಹಳೆಯದನ್ನು ಯೂನಿಕೋಡಿಗೆ ಬದಲಾಯಿಸುವ ಉಪಾಯಗಳಿವೆ. ನಾನು ಆ ಗೋಜಿಗೆ ಹೋಗಲಿಲ್ಲ. ಫೋನಿನಲ್ಲಿ ನಾವು ಟೈಪ್ ಮಾಡುವ ಕನ್ನಡವೆಲ್ಲ ಯೂನಿಕೋಡೇ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಆರೂ ಪುಟಗಳನ್ನು ಹೊಸದಾಗಿ ಬರೆದೆ. ಎಂಟು ದಿನ ಹಿಡಿಯಿತು. ಹಳೆಯ ಬರಹಕ್ಕಿಂತ ಅದು ಚೆನ್ನಾಗೂ ಬಂತು. ಮೊದಲಿನದರಲ್ಲಿ ‘ಉತ್ಕೃಷ್ಟ ಗುಣಮಟ್ಟ’ ಇತ್ಯಾದಿ ತುಂಬಿತ್ತು. ನಾನು ಬರೆದದ್ದು ಸಾಮೆ ಯಾವ ತಿಂಗಳು ಬಿತ್ತಿದ್ದು, ಹೊಟ್ಟು ಹೇಗೆ ತೆಗೆಸಿದ್ದು, ಪಾಲಿಶ್ ಮಾಡಿಲ್ಲದ್ದರಿಂದ ಯಾಕೆ ಬೇಗ ಹುಳ ಬೀಳುತ್ತದೆ, ಮನೆಯಲ್ಲಿ ಹೇಗೆ ಇಡಬೇಕು. ಗಿರಾಕಿ ಕೇಳುವುದು ಇದನ್ನೇ ತಾನೆ?

ತಿನೈ, ಕೊರ್ರ, ಕಂಗನಿ

ಪುಟ ಸಿಗುವುದಕ್ಕೆ ಶುರುವಾಯ್ತು. ಆದರೆ ನವಣೆಗೆ ಯಾರೂ ಬರುತ್ತಿಲ್ಲ. ಮತ್ತೆ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆ. ಅವತ್ತು ಶನಿವಾರ ಸಂಜೆ, ಕಾಲಿಡೋಕೆ ಜಾಗವಿಲ್ಲ. ಅಂಗಡಿ ಮುಂದೆ ನಿಂತ ಹುಡುಗರು ಒಬ್ಬರನ್ನು ತಮಿಳಿನಲ್ಲಿ, ಇನ್ನೊಬ್ಬರನ್ನು ಉರ್ದುವಿನಲ್ಲಿ, ಮತ್ತೊಬ್ಬರನ್ನು ಇಂಗ್ಲಿಷಿನಲ್ಲಿ ಕರೆಯುತ್ತಾರೆ. ಮುಖ ನೋಡಿದ ತಕ್ಷಣ ಭಾಷೆ ಬದಲು. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದ ಮೇಲೆ ಸೈನ್ಯದ ಹಿಂದೆ ನಾನಾ ಕಡೆಯಿಂದ ಜನ ಬಂದು ನೆಲೆಸಿದ ಜಾಗ ಇದು. ಶಿವಾಜಿನಗರ, ಹಲಸೂರಿನಲ್ಲಿ ಆ ಭಾಷೆಗಳೆಲ್ಲ ಈಗಲೂ ಇವೆ.

“ನಿಮ್ಮ ಪುಟದಲ್ಲಿ ನವಣೆ ಅಂತ ಮಾತ್ರ ಇದೆ ಮಾವ. ಹಲಸೂರಿನ ತಮಿಳು ಮನೆಯವರು ಅದನ್ನ ನವಣೆ ಅಂತಾರಾ?”

ಅನ್ನುವುದಿಲ್ಲ. ತಮಿಳಿನವರಿಗೆ ಅದು ತಿನೈ. ತೆಲುಗಿನವರಿಗೆ ಕೊರ್ರ. ನಮ್ಮೂರಲ್ಲೇ ಅರ್ಧ ಜನ ಹಾಗನ್ನುತ್ತಾರೆ, ಆದರೂ ನನಗೆ ಹೊಳೆದಿರಲಿಲ್ಲ. ಹಿಂದಿಯವರಿಗೆ ಕಂಗನಿ, ಇಂಗ್ಲಿಷಿನಲ್ಲಿ ಫಾಕ್ಸ್‌ಟೇಲ್ ಮಿಲೆಟ್. ಸಾಮೆ ಹಿಂದಿಯಲ್ಲಿ ಕುಟ್ಕಿ. ನಾವು ಬೆಳೆಯುವ ಹೆಸರು ಬೇರೆ, ಅವರು ಹುಡುಕುವ ಹೆಸರು ಬೇರೆ. ಜೊತೆಗೆ ಕನ್ನಡದವರೇ ಎಷ್ಟೋ ಜನ ಫೋನಿನಲ್ಲಿ ‘ನವಣೆ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಹಾಗಾಗಿ ನವಣೆ ಪುಟದಲ್ಲಿ ಒಂದು ಪ್ಯಾರಾ ಸೇರಿಸಿದೆ: ಇದಕ್ಕೆ ಯಾವ ಭಾಷೆಯಲ್ಲಿ ಏನು ಹೆಸರು, ಯಾವ ಮನೆಯಲ್ಲಿ ಇದರಿಂದ ಏನು ಮಾಡುತ್ತಾರೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆದೆ. ಓದುವವರಿಗೂ ಉಪಯೋಗ, ಹುಡುಕುವವರಿಗೂ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ. ನಮಗೆ ಫೋನ್ ಮಾಡಿದ್ದ ಮಹಾಶಯ ಬೇರೆ ಉಪಾಯ ಹೇಳಿದ್ದ. ‘ಮಿಲೆಟ್, ಮಿಲೆಟ್, ಬೆಂಗಳೂರು ಮಿಲೆಟ್’ ಅಂತ ನೂರು ಸಲ ಪುಟದ ಕೆಳಗೆ ಬಿಳಿ ಅಕ್ಷರದಲ್ಲಿ ಬರೆಯೋದು. ಬಿಳಿ ಹಿನ್ನೆಲೆಯಲ್ಲಿ ಮನುಷ್ಯರಿಗೆ ಕಾಣುವುದಿಲ್ಲ, ಯಂತ್ರಕ್ಕೆ ಮಾತ್ರ ಕಾಣುತ್ತದೆ. ಇದು ಹಳೇ ಕಳ್ಳದಾರಿ. ಗೂಗಲ್‌ನ ನಿಯಮದಲ್ಲಿ ಇದು ಮೋಸದ ಲೆಕ್ಕ, ಸಿಕ್ಕಿಬಿದ್ದರೆ ಪುಟ ಹಿಂದಕ್ಕೆ ಹೋಗುತ್ತದೆ, ಪೂರ್ತಿ ತೆಗೆದೂ ಹಾಕಬಹುದು. ಪದಗಳ ಪಟ್ಟಿಯನ್ನು ಒಳಬರಹದಲ್ಲಿ ಗುಟ್ಟಾಗಿ ತುಂಬುವುದರಿಂದಲೂ ಲಾಭವಿಲ್ಲ. ಆ ಪಟ್ಟಿಯನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ದುಡ್ಡು ಕೊಟ್ಟು ಬೇರೆ ಸೈಟುಗಳಿಂದ ಕೊಂಡಿ ಕೊಂಡುಕೊಳ್ಳುವುದೂ ಅಷ್ಟೇ. 2012ರಲ್ಲಿ ‘ಪೆಂಗ್ವಿನ್’ ಎಂಬ ಬದಲಾವಣೆ ಮಾಡಿ ಅಂಥವರನ್ನು ಹಿಂದಕ್ಕೆ ತಳ್ಳಿದರು. ನಮಗೆ ಬಂದ ಕೊಂಡಿಗಳು ಎರಡೇ. ನಮ್ಮಿಂದ ಧಾನ್ಯ ಕೊಳ್ಳುವ ಒಂದು ಹೋಟೆಲಿನವರು, ಹೊಲ ನೋಡೋಕೆ ಬಂದಿದ್ದ ಒಂದು ಕಾಲೇಜಿನವರು ತಮ್ಮ ಪುಟದಲ್ಲಿ ನಮ್ಮ ಹೆಸರು ಹಾಕಿದ್ದಾರೆ. ಎರಡಾದರೂ ನಿಜವಾದವು.

ಬೋರ್ಡು, ನಕ್ಷೆ, ಇತ್ಯಾದಿ

ಗೂಗಲ್‌ನಲ್ಲಿ ನೀಲಿ ಅಕ್ಷರದಲ್ಲಿ ಕಾಣುವ ತಲೆಬರಹವೇ ನಮ್ಮ ಬೋರ್ಡು. ನಮ್ಮ ಆರೂ ಪುಟಕ್ಕೆ ‘ಹೋಮ್’ ಅಂತಲೇ ಇತ್ತು! ಒಂದು ಬೀದಿಯಲ್ಲಿ ಆರು ಅಂಗಡಿಗೆ ‘ಅಂಗಡಿ’ ಅಂತ ಬೋರ್ಡು ಹಾಕಿದ ಹಾಗೆ. ಈಗ ‘ಪಾಲಿಶ್ ಮಾಡದ ಸಾಮೆ ಅಕ್ಕಿ, ಚಿಂತಾಮಣಿ ರೈತರಿಂದ’ ಎಂಬಂತೆ ಒಂದೊಂದಕ್ಕೆ ಒಂದೊಂದು ಹಾಕಿದ್ದೇವೆ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂದ ಮೇಲೆ ಕಮರ್ಷಿಯಲ್ ಸ್ಟ್ರೀಟಿನ ಬೋರ್ಡುಗಳಲ್ಲಿ ಕನ್ನಡ ಎದ್ದು ಕಾಣುತ್ತಿದೆ. ಅದೇ ಅಂಗಡಿಗಳ ವೆಬ್‌ಸೈಟಿನಲ್ಲಿ ಕನ್ನಡ ಹುಡುಕಿ ನೋಡಿ, ನಾನು ನೋಡಿದ ಯಾವುದರಲ್ಲೂ ಇಲ್ಲ. ಇದು ನಮಗೆ ಲಾಭವೇ. ಇಂಗ್ಲಿಷಿನಲ್ಲಿ ಮಿಲೆಟ್ ಅಂತ ಹುಡುಕಿದರೆ ದೊಡ್ಡ ಕಂಪನಿಗಳ ಸಾಲು. ಅಲ್ಲಿ ನಾವು ಎಂದೂ ಮುಂದೆ ಬರಲಿಕ್ಕಿಲ್ಲ. ಕನ್ನಡದಲ್ಲಿ, ಊರಿನ ಹೆಸರು ಸೇರಿಸಿ ಹುಡುಕಿದರೆ ಸ್ಪರ್ಧೆ ಕಡಿಮೆ.

ಗೂಗಲ್ ನಕ್ಷೆಯಲ್ಲೂ ಬಿಟ್ಟಿಯಾಗಿ ಹೆಸರು ಹಾಕಬಹುದು. ನಮ್ಮ ಗುರುತು ಪಕ್ಕದೂರಿನ ಕೆರೆ ಅಂಗಳದಲ್ಲಿ ಬಿದ್ದಿತ್ತು, ಒಬ್ಬ ಪಾರ್ಸೆಲ್ ಹುಡುಗ ಅಲ್ಲಿ ಹೋಗಿ ನಿಂತು ಫೋನ್ ಮಾಡಿದ್ದ. ಬೋರ್ಡು, ಬೀಗ ತೆಗೆಯುವುದು, ಒಳಗಿನ ಮೂಟೆಗಳನ್ನು ವಿಡಿಯೊ ಮಾಡಿ ಕಳಿಸಿದ ಮೇಲೆ ಸರಿಯಾಯಿತು. ಒಂಬತ್ತೂ ಮನೆಯವರು ಐದೈದು ಸ್ಟಾರ್ ಹಾಕೋಣ ಅಂತ ಒಬ್ಬರು ಹೇಳಿದರು. ಬೇಡ ಅಂದೆ. ಅದೂ ನಿಯಮಕ್ಕೆ ವಿರುದ್ಧ, ಕೊಂಡವರು ಬರೆಯಲಿ.

ಫೋಟೊಗಳನ್ನು ಫೋನಿನಿಂದ ಸೀದಾ ಹಾಕಿದರೆ ಬಹಳ ಭಾರ, ಪುಟ ತೆರೆಯುವುದು ತಡ. ಚಿಕ್ಕದು ಮಾಡಿ ಹಾಕಿ. ಗೂಗಲ್ ಈಗ ಮೊಬೈಲಿನಲ್ಲಿ ಕಾಣುವ ಪುಟವನ್ನೇ ಓದುವುದು, ಹಾಗಾಗಿ ಮೊಬೈಲಿನಲ್ಲಿ ನೋಡಿ ತಿದ್ದಿ. ಪುಟದ ವಿಳಾಸ ಬದಲಿಸಿದರೆ ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ಮಾಡಿಸಬೇಕು. ಅಂಗಡಿ ಬದಲಾಯಿಸಿದವರು ಹಳೇ ಬಾಗಿಲಿಗೆ ‘ಪಕ್ಕದ ಗಲ್ಲಿಗೆ ಹೋಗಿದ್ದೇವೆ’ ಅಂತ ಚೀಟಿ ಅಂಟಿಸುತ್ತಾರಲ್ಲ, ಹಾಗೆ.

36,000 ಕಟ್ಟಲಿಲ್ಲ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್‌ನವರೇ ತಮ್ಮ ಮಾರ್ಗದರ್ಶಿಯಲ್ಲಿ ಬರೆದಿದ್ದಾರೆ. ದುಡ್ಡು ಕೊಟ್ಟರೆ ಜಾಹೀರಾತು ಹಾಕಬಹುದು, ಅದು ಬೇರೆ. ಅದರ ಮೇಲೆ ಪ್ರಾಯೋಜಿತ ಅಂತ ಬರೆದಿರುತ್ತದೆ. ಈ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವವರೂ ಇದ್ದಾರೆ. ಏನು ಮಾಡುತ್ತೀರಿ ಅಂತ ಒಂದೊಂದಾಗಿ ಬರೆದು ಕೊಡಿ ಅಂತ ಕೇಳಿ. ಬರೆದು ಕೊಡದವರಿಗೆ ದುಡ್ಡು ಬೇಡ. ಮಿಷನ್ನಿಗೆ ಮುಂಗಡ ಕೊಟ್ಟಿದ್ದೇವೆ.

ಮೂರನೇ ತಿಂಗಳಲ್ಲಿ ಗುರುತಿಲ್ಲದವರ ಮೊದಲ ಫೋನ್ ಬಂತು. ಹಲಸೂರಿನಿಂದ ಒಬ್ಬರು ಅಮ್ಮ. “ತಿನೈ ಇರುಕ್ಕಾ?” ಅಂದರು. ಎರಡು ಕೆ.ಜಿ. ಕಳಿಸಿದೆವು. ಈಗ ತಿಂಗಳಿಗೆ ಹದಿನೈದು-ಇಪ್ಪತ್ತು ಆರ್ಡರ್ ಬರುತ್ತದೆ, ಅರ್ಧ ಹಳೇ ಗಿರಾಕಿಗಳದ್ದೇ. ಬೆಳೆದದ್ದರಲ್ಲಿ ಕಾಲು ಭಾಗವೂ ಇದರಲ್ಲಿ ಹೋಗುತ್ತಿಲ್ಲ, ಉಳಿದದ್ದು ಮಂಡಿಗೇ. ಈಚೆಗೆ ಗೂಗಲ್ ಎಷ್ಟೋ ಪ್ರಶ್ನೆಗೆ ಉತ್ತರವನ್ನೇ ಮೇಲೆ ಬರೆದು ತೋರಿಸಿಬಿಡುತ್ತದೆ, ಜನ ಪುಟದೊಳಗೆ ಬರುವುದೇ ಇಲ್ಲ. ಅದಕ್ಕೆ ನಮ್ಮಲ್ಲಿ ಮದ್ದಿಲ್ಲ.

ಜನವರಿಯಲ್ಲಿ ಬೆಂಗಳೂರಿನವರು ಸೊಗಡಿನ ಅವರೆಕಾಯಿ ಹುಡುಕುತ್ತಾರೆ. ಹೋದ ವರ್ಷ ನಾನು ಪುಟ ಹಾಕಿದ್ದು ಕಾಯಿ ಬಿಟ್ಟ ಮೇಲೆ. ಅದು ದಾಖಲಾಗಿ ಮೇಲೆ ಬರುವ ಹೊತ್ತಿಗೆ ಗಿಡ ಒಣಗಿತ್ತು. ಈ ಸಲ ಹೂವು ಕಾಣುವ ಮೊದಲೇ ಹಾಕಬೇಕು ಅಂತ ರಾತ್ರಿ ಕೂತು ಬರೆಯುತ್ತಿದ್ದೇನೆ.